ಕೊಳ್ಳೇಗಾಲದ ರೇಷ್ಮೆ ಸೀರೆ ವ್ಯಾಪಾರ

ಕೊಳ್ಳೇಗಾಲದ ರೇಷ್ಮೆ ಸೀರೆ ವ್ಯಾಪಾರವು ಕರ್ನಾಟಕದ ಚಾಮರಾಜನಗರ ಜಿಲ್ಲೆಯ ಕೊಳ್ಳೇಗಾಲ ಪಟ್ಟಣದಲ್ಲಿ ನೇಕಾರರ ಮನೆಗಳಲ್ಲಿಯೂ ಜವಳಿ ಅಂಗಡಿಗಳಲ್ಲಿಯೂ ನಡೆಯುವ ರೇಷ್ಮೆ ಬಟ್ಟೆಯ ಕೊಡು-ಕೊಳ್ಳುವಿಕೆಯಾಗಿದೆ. ಮದುವೆ ನಿಶ್ಚಯವಾದ ಮನೆಯವರು ಹಿರಿಯರೊಡನೆ ಕೂಡಿ ಜವಳಿ ತೆಗೆಯಲು ಬರುವ ಊರುಗಳಲ್ಲಿ ಇದೂ ಒಂದು. ಧಾರೆ ಸೀರೆ, ಜರಿ ಅಂಚಿನ ಪಂಚೆ ಮತ್ತು ಶಲ್ಯ, ಹೆಣ್ಣುಮಕ್ಕಳ ರೇಷ್ಮೆ ಲಂಗದ ಬಟ್ಟೆ ಇಲ್ಲಿ ಮುಖ್ಯವಾಗಿ ಮಾರಾಟವಾಗುವ ವಸ್ತುಗಳು.

'ಕೊಳ್ಳೇಗಾಲದ ಸೀರೆ' ಎಂಬ ಮಾತನ್ನು ಎರಡು ಅರ್ಥಗಳಲ್ಲಿ ಬಳಸಲಾಗುತ್ತದೆ. ಕೊಳ್ಳೇಗಾಲದ ಮಗ್ಗದಲ್ಲಿ ನೇಯ್ದ ಸೀರೆ ಎಂಬುದು ಒಂದು. ಕೊಳ್ಳೇಗಾಲದಲ್ಲಿ ಕೊಂಡ ಸೀರೆ ಎಂಬುದು ಇನ್ನೊಂದು. ಇವೆರಡೂ ಒಂದೇ ಆಗಿರಬೇಕೆಂದಿಲ್ಲ. ಹೊರಗಿನಿಂದ ಬಂದ ಗ್ರಾಹಕರು ಮೋಸಹೋಗುವುದು ಹೆಚ್ಚಾಗಿ ಈ ಎರಡು ಅರ್ಥಗಳ ನಡುವಿನ ಸಂದಿನಲ್ಲಿಯೇ.

ಹಿನ್ನೆಲೆ

1799ರಲ್ಲಿ ಟಿಪ್ಪು ಸುಲ್ತಾನನ ಪತನದ ನಂತರ ಕೊಳ್ಳೇಗಾಲವು ಬ್ರಿಟಿಷರ ವಶಕ್ಕೆ ಹೋಗಿ ಮದರಾಸು ಪ್ರಾಂತದ ಕೊಯಮತ್ತೂರು ಜಿಲ್ಲೆಯ ಒಂದು ತಾಲ್ಲೂಕಾಯಿತು. ನೆರೆಯ ಯಳಂದೂರು ಮಾತ್ರ ಮೈಸೂರು ಸಂಸ್ಥಾನದಲ್ಲಿಯೇ ಉಳಿದು, ದಿವಾನ್ ಪೂರ್ಣಯ್ಯನವರಿಗೆ 1807ರಲ್ಲಿ ಜಹಗೀರಾಗಿ ದೊರೆಯಿತು. ಹೀಗಾಗಿ ಕೆಲವೇ ಮೈಲಿ ಅಂತರದ ಎರಡು ಕನ್ನಡ ಊರುಗಳು ಒಂದೂವರೆ ಶತಮಾನ ಕಾಲ ಬೇರೆ ಬೇರೆ ಆಡಳಿತಗಳಿಗೆ ಸೇರಿದ್ದವು. 1956ರ ನವೆಂಬರ್ 1ರಂದು ರಾಜ್ಯಗಳ ಪುನರ್ವಿಂಗಡಣೆಯಾದಾಗ ಕೊಳ್ಳೇಗಾಲವು ಮೈಸೂರು ರಾಜ್ಯಕ್ಕೆ ಸೇರಿತು. 1997ರಲ್ಲಿ ಚಾಮರಾಜನಗರ ಜಿಲ್ಲೆ ರಚನೆಯಾದಾಗ ಆ ಜಿಲ್ಲೆಯ ಭಾಗವಾಯಿತು. ಕೊಳ್ಳೇಗಾಲ ತಾಲ್ಲೂಕಿನಲ್ಲಿದ್ದ ಹನೂರು ಈಗ ಪ್ರತ್ಯೇಕ ತಾಲ್ಲೂಕಾಗಿದೆ.

ಮದರಾಸು ಪ್ರಾಂತದಲ್ಲಿ ಹಿಪ್ಪುನೇರಳೆ ಬೆಳೆಯುವ ಪ್ರಮುಖ ಪ್ರದೇಶವೆಂದರೆ ಕೊಳ್ಳೇಗಾಲ ತಾಲ್ಲೂಕು. ಜರಿ ಬಟ್ಟೆಯ ನೇಯ್ಗೆಗೂ ಪಟ್ಟಣ ಆಗಲೇ ಹೆಸರಾಗಿತ್ತು. ಗಡಿಯಾಚೆ ಮೈಸೂರು ಸಂಸ್ಥಾನದಲ್ಲಿ ಟಿಪ್ಪುವಿನ ಕಾಲದಿಂದಲೂ ರೇಷ್ಮೆ ಕೃಷಿ ನಡೆದುಬಂದಿತ್ತು. ಆದ್ದರಿಂದ ಈ ಭಾಗದ ರೈತನಿಗೆ ಹುಳು ಸಾಕಣೆಯೂ ನೇಕಾರನಿಗೆ ನೂಲೂ ದೂರದ ಸಂಗತಿಗಳಾಗಿರಲಿಲ್ಲ. ಯಳಂದೂರು ತಾಲ್ಲೂಕಿನ ಮಾಂಬಳ್ಳಿ ಮತ್ತು ಹತ್ತಿರದ ಸಂತೇಮರಹಳ್ಳಿಗಳಲ್ಲಿ ಗೂಡಿನಿಂದ ನೂಲು ಬಿಚ್ಚುವ ಸರ್ಕಾರಿ ಫಿಲೇಚರ್‌ಗಳು ಸ್ಥಾಪನೆಯಾದವು.

ಈ ಉದ್ಯಮದ ಏಳುಬೀಳುಗಳಲ್ಲಿ ಜಪಾನಿನ ಹೆಸರು ಮತ್ತೆ ಮತ್ತೆ ಬರುತ್ತದೆ. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಜಮ್ಷೆಟ್‌ಜಿ ಟಾಟಾ ಅವರು ಬೆಂಗಳೂರಿನಲ್ಲಿ ಜಪಾನೀ ಪದ್ಧತಿಯ ರೇಷ್ಮೆ ಫಾರಂ ತೆರೆದರು. 1930ರ ದಶಕದಲ್ಲಿ ಅದೇ ಜಪಾನಿನ ಅಗ್ಗದ ರೇಷ್ಮೆ ಭಾರತದ ಮಾರುಕಟ್ಟೆಗೆ ನುಗ್ಗಿತು; ದೇಶೀ ರೇಷ್ಮೆಯ ರಕ್ಷಣೆಗೆ 1934ರಲ್ಲಿ ಆಮದು ಸುಂಕ ಹಾಕಬೇಕಾಯಿತು. ಎರಡನೆಯ ಮಹಾಯುದ್ಧದಲ್ಲಿ ಜಪಾನಿನ ರೇಷ್ಮೆ ನಿಂತುಹೋದುದರಿಂದ ಪ್ಯಾರಾಚೂಟ್ ಬಟ್ಟೆಗಾಗಿ ಇಲ್ಲಿನ ನೂಲಿಗೆ ಒಮ್ಮೆಲೇ ಬೇಡಿಕೆ ಏರಿತು. 1991ರಿಂದ ಜಪಾನಿನ ಅಂತರರಾಷ್ಟ್ರೀಯ ಸಹಕಾರ ಸಂಸ್ಥೆಯ ನೆರವಿನಲ್ಲಿ ಮೈಸೂರಿನ ಕೇಂದ್ರೀಯ ರೇಷ್ಮೆ ಸಂಶೋಧನಾ ಸಂಸ್ಥೆಯು ದ್ವಿತಳಿ ರೇಷ್ಮೆಯನ್ನು ಅಭಿವೃದ್ಧಿಪಡಿಸಿತು. ರೇಷ್ಮೆಯಲ್ಲಿ ಜಪಾನು ಪ್ರತಿಸ್ಪರ್ಧಿಯೂ ಹೌದು, ಗುರುವೂ ಹೌದು.

ಗೂಡಿನಿಂದ ಮಗ್ಗದವರೆಗೆ

ಸ್ಥಳೀಯ 'ಮೈಸೂರು' ತಳಿಯ ಹುಳುವನ್ನು ವರ್ಷವಿಡೀ ಸಾಕಬಹುದು. ಬಿಸಿಲನ್ನೂ ರೋಗವನ್ನೂ ಅದು ತಾಳಿಕೊಳ್ಳುತ್ತದೆ. ಆದರೆ ಅದರ ಗೂಡಿನಲ್ಲಿ ಎಳೆ ಕಡಿಮೆ. ಒಂದು ಗೂಡಿನಿಂದ ಸುಮಾರು 400 ಮೀಟರ್ ಎಳೆ ಬಂದರೆ, ಬಿಳಿಯ ದ್ವಿತಳಿ ಗೂಡಿನಿಂದ 1,000 ಮೀಟರ್‌ನಷ್ಟು ಬರಬಹುದು. ರೈತರು ಹೆಚ್ಚಾಗಿ ಸಾಕುವುದು ಇವೆರಡರ ಮಿಶ್ರತಳಿಯನ್ನು. ಗೂಡು ಸರ್ಕಾರಿ ಮಾರುಕಟ್ಟೆಯಲ್ಲಿ ಹರಾಜಾಗಿ ರೀಲರ್‌ಗಳ ಕೈಸೇರುತ್ತದೆ. ಅವರು ಅದನ್ನು ಬಿಸಿನೀರಿನಲ್ಲಿ ಬೇಯಿಸಿ ನೂಲು ಬಿಚ್ಚುತ್ತಾರೆ. ಅನಂತರ ನೂಲಿಗೆ ಹುರಿ ಹಾಕಿ, ಸಾಬೂನು ನೀರಿನಲ್ಲಿ ಕುದಿಸಿ ಅಂಟನ್ನು ತೆಗೆಯಲಾಗುತ್ತದೆ. ಈ ಹಂತದಲ್ಲಿ ನೂಲು ತನ್ನ ತೂಕದ ಸುಮಾರು ಕಾಲುಭಾಗವನ್ನು ಕಳೆದುಕೊಳ್ಳುತ್ತದೆ. ರೇಷ್ಮೆಯ ಹೊಳಪು ಕಾಣಿಸಿಕೊಳ್ಳುವುದು ಆ ಬಳಿಕವೇ. ಬಣ್ಣ ಹಾಕುವುದು ಕೊನೆಯ ಕೆಲಸ.

ಹಾಸಿನ ನೂಲು ಮಗ್ಗದ ಎಳೆತವನ್ನು ತಡೆಯುವಷ್ಟು ಗಟ್ಟಿಯಾಗಿರಬೇಕು, ಗಂಟಿಲ್ಲದೆ ಸಮನಾಗಿರಬೇಕು. ಹೊಕ್ಕಿನ ನೂಲಿಗೆ ಅಷ್ಟು ಕಟ್ಟುನಿಟ್ಟಿಲ್ಲ. ಈ ಕಾರಣದಿಂದ ಹಾಸಿಗೆ ದ್ವಿತಳಿಯ ಅಥವಾ ಚೀನಾದಿಂದ ಆಮದಾದ ನೂಲನ್ನೂ ಹೊಕ್ಕಿಗೆ ಸ್ಥಳೀಯ ನೂಲನ್ನೂ ಬಳಸುವ ಪದ್ಧತಿ ದಕ್ಷಿಣ ಭಾರತದ ನೇಯ್ಗೆಯಲ್ಲಿ ಬೆಳೆದಿದೆ. 'ನಮ್ಮೂರ ರೇಷ್ಮೆ' ಎಂದು ಮಾರುವ ಸೀರೆಯ ಅರ್ಧ ನೂಲು ಕಡಲಾಚೆಯದಾಗಿರಬಹುದು ಎಂಬುದು ಇದರಿಂದ ತಿಳಿಯುತ್ತದೆ. ಅದರಿಂದ ಸೀರೆ ಕೀಳಾಗುವುದಿಲ್ಲ.

ನೇಯ್ಗೆಯು ಬಹುಮಟ್ಟಿಗೆ ಮನೆಯೊಳಗಿನ ಕಸುಬು. ಮನೆಯ ಹೆಂಗಸರು ಕಂಡಿಕೆ ಸುತ್ತುವುದು, ಎಳೆ ಹೂಡುವುದು ಮೊದಲಾದ ಕೆಲಸಗಳನ್ನು ಮಾಡುತ್ತಾರೆ. ಈ ದುಡಿಮೆ ಸೀರೆಯ ಬೆಲೆಯಲ್ಲಿ ಪ್ರತ್ಯೇಕವಾಗಿ ಕಾಣಿಸಿಕೊಳ್ಳುವುದೇ ಇಲ್ಲ. ಸ್ವಂತ ಬಂಡವಾಳವಿರುವ ನೇಕಾರರು ಕಡಿಮೆ. ನೂಲು, ಜರಿ ಮತ್ತು ವಿನ್ಯಾಸವನ್ನು ವ್ಯಾಪಾರಿ ಕೊಡುತ್ತಾನೆ. ನೇಕಾರನು ನೇಯ್ದುಕೊಟ್ಟು ಸೀರೆಗೆ ಇಷ್ಟು ಎಂದು ಕೂಲಿ ಪಡೆಯುತ್ತಾನೆ. ಒಂದು ಹಾಸಿನಲ್ಲಿ ಸಾಮಾನ್ಯವಾಗಿ ಒಂದಕ್ಕಿಂತ ಹೆಚ್ಚು ಸೀರೆ ನೇಯುವುದರಿಂದ ಒಂದೇ ಒಡಲ ಬಣ್ಣದ ಎರಡು ಮೂರು ಸೀರೆಗಳು ಮಗ್ಗದಿಂದ ಒಟ್ಟಿಗೆ ಇಳಿಯುತ್ತವೆ. ವಾರಗಿತ್ತಿಯರಿಗೆ ಅಥವಾ ಅಕ್ಕತಂಗಿಯರಿಗೆ ಒಂದೇ ಬಗೆಯ ಸೀರೆ ಬೇಕೆನ್ನುವ ಮನೆಯವರು ಇದನ್ನು ತಿಳಿದು ಮೊದಲೇ ಹೇಳಿ ನೇಯಿಸಿಕೊಳ್ಳುವುದುಂಟು.

ಮೈಸೂರು ರೇಷ್ಮೆಯೊಡನೆ ಹೋಲಿಕೆ

ಕೊಳ್ಳೇಗಾಲದ ಸೀರೆಯನ್ನು 'ಮೈಸೂರು ಸಿಲ್ಕ್' ಎಂದು ಕರೆಯುವುದು ತಪ್ಪು. 1912ರಲ್ಲಿ ಮೈಸೂರಿನಲ್ಲಿ ಆರಂಭವಾದ, ಈಗ ಕರ್ನಾಟಕ ರೇಷ್ಮೆ ಉದ್ಯಮಗಳ ನಿಗಮಕ್ಕೆ ಸೇರಿದ ಕಾರ್ಖಾನೆಯ ಸೀರೆಗಳಿಗೆ 'ಮೈಸೂರು ಸಿಲ್ಕ್' ಎಂಬ ಹೆಸರು ಭೌಗೋಳಿಕ ಸೂಚಕವಾಗಿ ನೋಂದಣಿಯಾಗಿದೆ. ಅವು ಯಂತ್ರಮಗ್ಗದಲ್ಲಿ ನೇಯ್ದ, ಹೆಚ್ಚು ಹುರಿಯ ನೂಲಿನ, ನುಣುಪಾಗಿ ಜಾರುವ ಕ್ರೇಪ್ ಸೀರೆಗಳು. ಒಡಲು ಸಾದಾ, ಅಂಚಿನಲ್ಲಿ ಜರಿ. ಕೊಳ್ಳೇಗಾಲದ ಕೈಮಗ್ಗದ ಸೀರೆ ಇದಕ್ಕಿಂತ ದಪ್ಪ, ಭಾರ. ಒಡಲಿಗೂ ಅಂಚಿಗೂ ಬಣ್ಣ ಬೇರೆ ಬೇರೆ, ಸೆರಗಿನಲ್ಲಿ ಜರಿ ಹೆಚ್ಚು. ಕಂಚಿಯ ಸಂಪ್ರದಾಯಕ್ಕೆ ಅದು ಹತ್ತಿರವಾದದ್ದು. ಕೊಯಮತ್ತೂರು ಜಿಲ್ಲೆಯ ಭಾಗವಾಗಿದ್ದ ಊರಿನ ನೇಯ್ಗೆ ಮೈಸೂರಿಗಿಂತ ಕಂಚಿಯನ್ನು ಹೋಲುವುದರಲ್ಲಿ ಆಶ್ಚರ್ಯವಿಲ್ಲ.

ಒಡಲು ಒಂದು ಬಣ್ಣ, ಎರಡೂ ಅಂಚು ಇನ್ನೊಂದು ಬಣ್ಣ ಬರಬೇಕಾದರೆ ಮೂರು ಲಾಳಿಗಳು ಬೇಕು. ಅಂಚಿನ ಹೊಕ್ಕು ಒಡಲಿನ ಹೊಕ್ಕಿಗೆ ಕೊಂಡಿ ಹಾಕಿಕೊಂಡು ಹಿಂದಿರುಗಬೇಕು. ತಮಿಳಿನಲ್ಲಿ 'ಕೊರ್ವೈ' ಎನಿಸಿಕೊಳ್ಳುವ ಈ ಕ್ರಮದಲ್ಲಿ ನೇಕಾರನೊಬ್ಬನಿಗೆ ಸಾಮಾನ್ಯವಾಗಿ ಸಹಾಯಕನೊಬ್ಬ ಬೇಕು. ಕೈ ಬದಲಿಸದೆ ಒಂದೇ ಲಾಳಿಯಲ್ಲಿ ನೇಯ್ದ ಅಂಚಿನಲ್ಲಿ ಒಡಲಿನ ಬಣ್ಣ ನೆರಳಿನಂತೆ ಇಣುಕುತ್ತದೆ. ಜೋಡಿಸಿ ನೇಯ್ದದ್ದರಲ್ಲಿ ಅಂಚಿನ ಬಣ್ಣ ತಿಳಿಯಾಗಿ ನಿಲ್ಲುತ್ತದೆ, ಸೇರುವ ಗೆರೆಯನ್ನು ಬೆರಳಿನಿಂದ ಸವರಿದರೆ ಹಲ್ಲು ಹಲ್ಲಾಗಿ ತಿಳಿಯುತ್ತದೆ.

ಕೊಳ್ಳುವಾಗ ನೋಡಬೇಕಾದುದು

ರೇಷ್ಮೆ ಸೀರೆಯೊಂದರಲ್ಲಿ ಪರೀಕ್ಷಿಸಬೇಕಾದ ಸಂಗತಿಗಳು ಮೂರು: ನೂಲು, ಮಗ್ಗ ಮತ್ತು ಜರಿ. ಇವುಗಳಲ್ಲಿ ಒಂದು ಶುದ್ಧವಾಗಿದ್ದ ಮಾತ್ರಕ್ಕೆ ಉಳಿದೆರಡೂ ಶುದ್ಧವೆಂದು ಭಾವಿಸಬಾರದು. ಅಂಗಡಿಯಲ್ಲಿ 'ಅಸಲಿ' ಎಂಬ ಒಂದೇ ಮಾತು ಮೂರಕ್ಕೂ ನಡೆದುಬಿಡುತ್ತದೆ. ತಕರಾರು ಹುಟ್ಟುವುದು ಅಲ್ಲಿಯೇ.

ನೂಲಿನ ಪರೀಕ್ಷೆ ಸುಲಭ. ಸೀರೆಯ ತುದಿಯ ಕುಚ್ಚಿನಿಂದ ಹಾಸಿನದೊಂದು, ಹೊಕ್ಕಿನದೊಂದು ಎಳೆ ತೆಗೆದು ಬೇರೆ ಬೇರೆಯಾಗಿ ಸುಡಬೇಕು. ರೇಷ್ಮೆಯಾದರೆ ಕೂದಲು ಸುಟ್ಟ ವಾಸನೆ ಬರುತ್ತದೆ. ಬೂದಿಯನ್ನು ಬೆರಳಲ್ಲಿ ಉಜ್ಜಿದರೆ ಪುಡಿಯಾಗುತ್ತದೆ. ಪಾಲಿಯೆಸ್ಟರ್ ಕರಗಿ ಗಟ್ಟಿ ಮಣಿಯಾಗುತ್ತದೆ. 'ಆರ್ಟ್ ಸಿಲ್ಕ್' ಎನಿಸಿಕೊಳ್ಳುವ ರೇಯಾನ್ ಕಾಗದದಂತೆ ಉರಿಯುತ್ತದೆ. ಆ ಹೆಸರಿನಲ್ಲಿರುವ 'ಆರ್ಟ್' ಕಲೆಯಲ್ಲ, ಕೃತಕ ಎಂಬ ಅರ್ಥದ ಇಂಗ್ಲಿಷ್ ಪದದ ಮೊಟಕು ರೂಪ. ಹಾಸು, ಹೊಕ್ಕು ಎರಡನ್ನೂ ಸುಡಬೇಕೆನ್ನುವುದಕ್ಕೆ ಕಾರಣವಿದೆ: ಒಂದೇ ದಿಕ್ಕಿಗೆ ರೇಷ್ಮೆ ಹಾಕಿದ ಬಟ್ಟೆಗಳುಂಟು. ಕೇಂದ್ರ ರೇಷ್ಮೆ ಮಂಡಳಿಯ ಆಶ್ರಯದಲ್ಲಿ 2004ರಲ್ಲಿ ಬಂದ 'ಸಿಲ್ಕ್ ಮಾರ್ಕ್' ಚೀಟಿಯು ಬಟ್ಟೆ ಶುದ್ಧ ರೇಷ್ಮೆಯದು ಎಂದು ಸಾರುತ್ತದೆ. ಅಷ್ಟನ್ನೇ ಸಾರುತ್ತದೆ. ಸೀರೆಯನ್ನು ಕೈಯಲ್ಲಿ ನೇಯಲಾಗಿದೆಯೆಂದಾಗಲಿ ಜರಿ ಬೆಳ್ಳಿಯದೆಂದಾಗಲಿ ಅದು ಹೇಳುವುದಿಲ್ಲ.

ಮಗ್ಗದ ವಿಚಾರ ಕಷ್ಟದ್ದು. ಕೈಮಗ್ಗಕ್ಕೆ ಮೀಸಲಾದ ವಸ್ತುಗಳನ್ನು ರಕ್ಷಿಸಲು 1985ರಲ್ಲಿ ಕೇಂದ್ರ ಶಾಸನವೊಂದು ಬಂದಿತು. ಮೀಸಲು ಪಟ್ಟಿಯಲ್ಲಿ ಸೀರೆಯೂ ಇದೆ. ಹಾಗಿದ್ದರೂ ಕೈಮಗ್ಗದ ವಿನ್ಯಾಸವನ್ನು ವಿದ್ಯುತ್ ಮಗ್ಗದಲ್ಲಿ ನಕಲು ಮಾಡಿ ಕಡಿಮೆ ಬೆಲೆಗೆ ತರುವುದು ನಿಂತಿಲ್ಲ. ವಿದ್ಯುತ್ ಮಗ್ಗದ ಸೀರೆ ಕೊಳ್ಳುವುದೇನೂ ಅಪರಾಧವಲ್ಲ. ಅದನ್ನು ಕೈಮಗ್ಗದ ಬೆಲೆಗೆ ಕೊಳ್ಳುವುದು ನಷ್ಟ. ವಾರಗಟ್ಟಲೆ ಕುಳಿತು ನೇಯ್ದ ನೇಕಾರನ ಸೀರೆಯು ನಕಲಿನ ಪಕ್ಕದಲ್ಲಿ ದುಬಾರಿಯಾಗಿ ಕಂಡು ಅಲ್ಲಿಯೇ ಉಳಿಯುತ್ತದೆ. ನೇಕಾರರ ಮಕ್ಕಳು ಮಗ್ಗ ಬಿಟ್ಟು ಬೆಂಗಳೂರಿನ ಬಸ್ಸು ಹತ್ತುವುದಕ್ಕೆ ಇದು ಮುಖ್ಯ ಕಾರಣಗಳಲ್ಲೊಂದು. ಕೈಮಗ್ಗವನ್ನು ಗುರುತಿಸಲು ಸೀರೆಯ ಹಿಂಬದಿಯನ್ನು ನೋಡಬೇಕು. ಹೊಕ್ಕಿನ ಹೊಡೆತದಲ್ಲಿ ಅಲ್ಲಲ್ಲಿ ಸಣ್ಣ ಏರುಪೇರು, ಅಂಚಿನುದ್ದಕ್ಕೂ ಬಟ್ಟೆಯನ್ನು ಬಿಗಿಹಿಡಿದ ಮೊಳೆಗಳ ಅಸಮವಾದ ತೂತು ಕಾಣುತ್ತವೆ. ಅನುಭವಿಗಳಿಗೂ ಇದು ಕೆಲವೊಮ್ಮೆ ಖಚಿತವಾಗದು. 2006ರಲ್ಲಿ ಜಾರಿಗೆ ಬಂದ 'ಹ್ಯಾಂಡ್‌ಲೂಮ್ ಮಾರ್ಕ್' ಚೀಟಿ ಇರುವುದು ಈ ಒಂದು ಪ್ರಶ್ನೆಗೆ ಉತ್ತರವಾಗಿ.

ಜರಿಯ ಪ್ರಶ್ನೆಯಲ್ಲಿ ಹಣ ಹೆಚ್ಚು ಸಿಕ್ಕಿಕೊಂಡಿರುತ್ತದೆ. ನಮ್ಮ ದೇಶದ ಜರಿಯ ಬಹುಭಾಗ ಸೂರತ್ತಿನಿಂದ ಬರುತ್ತದೆ. ಶುದ್ಧ ಜರಿಯೆಂದರೆ ರೇಷ್ಮೆಯ ಎಳೆಯ ಮೇಲೆ ಬೆಳ್ಳಿಯ ಚಪ್ಪಟೆ ತಂತಿಯನ್ನು ಸುತ್ತಿ ಅದಕ್ಕೆ ಚಿನ್ನದ ಲೇಪ ಕೊಟ್ಟದ್ದು. ಇದರಲ್ಲಿ ಬೆಳ್ಳಿಯೇ ಪ್ರಧಾನ. ಚಿನ್ನ ನೂರಕ್ಕೆ ಒಂದು ಪಾಲಿಗಿಂತಲೂ ಕಡಿಮೆ. 'ಚಿನ್ನದ ಜರಿ' ಎಂಬ ಮಾತು ಹೊಳಪಿಗೆ ಸಂಬಂಧಿಸಿದ್ದೇ ಹೊರತು ತೂಕಕ್ಕೆ ಸಂಬಂಧಿಸಿದ್ದಲ್ಲ. ಎರಡನೆಯ ಬಗೆಯಲ್ಲಿ ಬೆಳ್ಳಿಯ ಬದಲು ತಾಮ್ರದ ತಂತಿಗೆ ತೆಳುವಾದ ಬೆಳ್ಳಿಯ ಲೇಪವಿರುತ್ತದೆ. ಮೂರನೆಯದು ಲೋಹದ ಪೊರೆ ಹಚ್ಚಿದ ಪ್ಲಾಸ್ಟಿಕ್ ಪಟ್ಟಿ. ಅಂಗಡಿಯ ದೀಪದ ಕೆಳಗೆ ಈ ಮೂರೂ ಒಂದೇ ರೀತಿ ಮಿನುಗುತ್ತವೆ. ಬೆಲೆಗಳ ನಡುವಿನ ಅಂತರವಾದರೋ ಬಹಳ ದೊಡ್ಡದು.

ಕುಚ್ಚಿನ ಜರಿಯ ಎಳೆಯೊಂದನ್ನು ಉಗುರಿನಿಂದ ಬಿಚ್ಚಿದರೆ ಕೆಲವು ವಿಷಯಗಳು ತಿಳಿಯುತ್ತವೆ. ಒಳಗೆ ಕೆಂಪು ಅಥವಾ ಹಳದಿ ಬಣ್ಣದ ರೇಷ್ಮೆ ಕಂಡರೆ ಅದು ಒಳ್ಳೆಯ ಲಕ್ಷಣ. ತಂತಿಯನ್ನು ಕೆರೆದಾಗ ಬಿಳಿ ಬಣ್ಣ ಬಂದರೆ ಬೆಳ್ಳಿ, ಕೆಂಪು ಬಂದರೆ ತಾಮ್ರ. ಬೆಂಕಿಗೆ ಹಿಡಿದಾಗ ಪ್ಲಾಸ್ಟಿಕ್ ಪಟ್ಟಿ ಸುರುಟಿ ಕರಗುತ್ತದೆ. ಬೆಳ್ಳಿ ಎಷ್ಟಿದೆ ಎಂಬುದನ್ನು ಮಾತ್ರ ಕಣ್ಣಳತೆಯಲ್ಲಿ ಹೇಳಲಾಗದು. ಅದಕ್ಕೆ ಕ್ಷ-ಕಿರಣದಿಂದ ಲೋಹವನ್ನು ಅಳೆಯುವ ಯಂತ್ರವೇ ಬೇಕು. ಹೆಚ್ಚು ಬೆಲೆಯ ಧಾರೆ ಸೀರೆಗೆ ಇಂಥ ಪರೀಕ್ಷೆ ಮಾಡಿಸುವುದು ವಿವೇಕ. ಎಲ್ಲ ಸೀರೆಗೂ ಶುದ್ಧ ಜರಿಯೇ ಬೇಕೆಂದೇನೂ ಇಲ್ಲ. ದಿನಬಳಕೆಗೆ, ಮಕ್ಕಳ ಲಂಗಕ್ಕೆ ತಾಮ್ರದ ಜರಿ ಸಾಕಾಗುತ್ತದೆ.

ಈ ಮೂರೂ ಸಂಗತಿಗಳನ್ನು ರಸೀದಿಯಲ್ಲಿ ಬರೆಸಿಕೊಳ್ಳುವುದು ಎಲ್ಲಕ್ಕಿಂತ ಮುಖ್ಯ. 'ರೇಷ್ಮೆ ಸೀರೆ – 1' ಎಂದಷ್ಟೇ ಇರುವ ಚೀಟಿ ಮುಂದೆ ಯಾವ ದೂರಿಗೂ ಆಧಾರವಾಗದು. ಶುದ್ಧ ರೇಷ್ಮೆ, ಕೈಮಗ್ಗ, ಜರಿಯ ಬಗೆ ಎಂದು ಬಿಡಿಬಿಡಿಯಾಗಿ ನಮೂದಾಗಿದ್ದರೆ 2019ರ ಗ್ರಾಹಕ ಸಂರಕ್ಷಣಾ ಕಾಯಿದೆಯಡಿ ಪರಿಹಾರ ಕೇಳಲು ದಾರಿಯಿರುತ್ತದೆ. ಬರೆದುಕೊಡಲು ಹಿಂಜರಿಯುವ ಅಂಗಡಿಯಿಂದ ಎದ್ದುಬರುವುದು ಲೇಸು.

ಸ್ಥಳ ಮತ್ತು ಕಾಲ

ಕೊಳ್ಳೇಗಾಲವು ಬೆಂಗಳೂರಿನಿಂದ ಕನಕಪುರ, ಮಳವಳ್ಳಿಗಳ ಮೂಲಕ ಚಾಮರಾಜನಗರ ಮತ್ತು ಕೊಯಮತ್ತೂರಿಗೆ ಹೋಗುವ 948ನೆಯ ರಾಷ್ಟ್ರೀಯ ಹೆದ್ದಾರಿಯ ಮೇಲಿದೆ. ಯಳಂದೂರೂ ಇದೇ ಹಾದಿಯಲ್ಲಿ ಸಿಗುತ್ತದೆ. ಹನೂರಿನ ಮೂಲಕ ಮಲೆ ಮಹದೇಶ್ವರ ಬೆಟ್ಟಕ್ಕೆ ಹೋಗುವ ಭಕ್ತರು ಕೊಳ್ಳೇಗಾಲವನ್ನು ದಾಟಿಯೇ ಹೋಗುವುದರಿಂದ, ದೇವರ ದರ್ಶನ ಮುಗಿಸಿ ಬರುತ್ತಾ ಜವಳಿಯನ್ನೂ ನೋಡಿಕೊಂಡು ಬರುವ ವಾಡಿಕೆ ಕೆಲವು ಮನೆಗಳಲ್ಲಿದೆ.

ಮಾಘದಿಂದ ಜ್ಯೇಷ್ಠದವರೆಗಿನ ಲಗ್ನದ ತಿಂಗಳುಗಳಲ್ಲಿ ಬೆಲೆ ಬಿಗಿ. ಆಷಾಢದಲ್ಲಿ ಮದುವೆಗಳಿಲ್ಲದ ಕಾರಣ ಅಂಗಡಿಗಳು ರಿಯಾಯಿತಿ ಸಾರುತ್ತವೆ. ಮುಂದಿನ ವರ್ಷದ ಮದುವೆಗೆ ಆಗಲೇ ತೆಗೆದಿಡುವ ಜಾಣರಿದ್ದಾರೆ. ಆದರೆ ರಿಯಾಯಿತಿಯ ರಾಶಿಯಲ್ಲಿ ಹಳೆಯ ದಾಸ್ತಾನು ಸೇರಿರುತ್ತದೆ. ವರ್ಷಗಟ್ಟಲೆ ಒಂದೇ ಮಡಿಕೆಯಲ್ಲಿದ್ದ ರೇಷ್ಮೆ ಮಡಿಕೆಯ ಗೆರೆಯಲ್ಲಿಯೇ ಹರಿಯುವುದರಿಂದ ಸೀರೆಯನ್ನು ಪೂರ್ತಿ ಬಿಡಿಸಿ, ಬೆಳಕಿಗೆ ಹಿಡಿದು ನೋಡಬೇಕು. ನೇಕಾರರ ಮನೆಯಲ್ಲಿ ನೇರವಾಗಿ ಕೊಂಡರೆ ನಡುವಿನ ಲಾಭ ಉಳಿಯುತ್ತದೆ ಎಂಬುದು ನಿಜ. ಆದರೆ ಕೂಲಿಗೆ ನೇಯುವವನ ಮಗ್ಗದ ಮೇಲಿರುವ ಸೀರೆ ಅವನದಲ್ಲ, ವ್ಯಾಪಾರಿಯದು. ಅದನ್ನು ಮಾರೆಂದು ಒತ್ತಾಯಿಸುವುದು ಅವನನ್ನು ಇಕ್ಕಟ್ಟಿಗೆ ಸಿಲುಕಿಸಿದಂತೆ. ಮುಂಗಡ ಕೊಟ್ಟು ಹೊಸದಾಗಿ ನೇಯಿಸಿಕೊಳ್ಳುವುದು ಇಬ್ಬರಿಗೂ ಒಳ್ಳೆಯದು; ಅದಕ್ಕೆ ಮದುವೆಗೆ ಕೆಲವು ತಿಂಗಳು ಮೊದಲೇ ಬರಬೇಕು.

ಹಳೆಯ ಸೀರೆಗಳ ಮಾರಾಟ

ಹಳೆಯ ಜರಿ ಸೀರೆಗಳನ್ನು ಕೊಳ್ಳುವವರು ಬೀದಿಯಲ್ಲಿ ಕೂಗುತ್ತಾ ಬರುವುದು ದಕ್ಷಿಣ ಕರ್ನಾಟಕದ ಊರುಗಳಲ್ಲಿ ಪರಿಚಿತ ದೃಶ್ಯ. ಅವರು ಜರಿಯ ಭಾಗವನ್ನು ಕೆರೆದು ನೋಡಿ, ತೂಗಿ, ಬೆಳ್ಳಿಯ ಅಂದಾಜಿನ ಮೇಲೆ ಹಣ ಕೊಡುತ್ತಾರೆ. ಆಮೇಲೆ ಸೀರೆಯನ್ನು ಸುಟ್ಟು ಲೋಹವನ್ನು ಬೇರ್ಪಡಿಸಲಾಗುತ್ತದೆ. ಅಜ್ಜಿಯರ ಕಾಲದ ಹದಿನೆಂಟು ಮೊಳದ ಸೀರೆಗಳು ಹೀಗೆ ಬೆಂಕಿಗೆ ಹೋದುದರಿಂದ ಕೊಳ್ಳೇಗಾಲದ ಹಳೆಯ ಅಂಚಿನ ವಿನ್ಯಾಸಗಳಲ್ಲಿ ಎಷ್ಟೋ ಇಂದಿನ ನೇಕಾರರಿಗೆ ನೋಡಲೂ ಸಿಗುವುದಿಲ್ಲ. ಮಾರುವವರಿಗೆ ಕೆಲವು ಸಾವಿರ ರೂಪಾಯಿ ಸಿಗಬಹುದು; ವಿನ್ಯಾಸದ ಬೆಲೆಯನ್ನು ಯಾರೂ ಲೆಕ್ಕ ಹಾಕುವುದಿಲ್ಲ.

ಜಪಾನಿನಲ್ಲಿ ಇಂಥದೇ ಹಳೆಯ ರೇಷ್ಮೆ ಬಟ್ಟೆ ಬೇರೊಂದು ದಾರಿ ಹಿಡಿದಿದೆ. ಕಿಮೋನೊ ಎಂಬ ಅಲ್ಲಿನ ಸಾಂಪ್ರದಾಯಿಕ ನಿಲುವಂಗಿಯನ್ನು ಕಿರಿದಗಲದ ರೇಷ್ಮೆ ಪಟ್ಟಿಗಳನ್ನು ನೇರವಾಗಿ ಕತ್ತರಿಸಿ ಹೊಲಿಯುವುದರಿಂದ, ಬಿಚ್ಚಿ ಮತ್ತೆ ಹೊಲಿಯುವುದು ಸುಲಭ. ಕ್ಯೋಟೊ ನಗರದ ತೋಜಿ ದೇವಾಲಯದಲ್ಲಿ ಪ್ರತಿ ತಿಂಗಳ 21ರಂದು, ಕಿತಾನೊ ತೆನ್‌ಮಾಂಗು ಗುಡಿಯಲ್ಲಿ 25ರಂದು ನಡೆಯುವ ಸಂತೆಗಳಲ್ಲಿ ಹಳೆಯ ಕಿಮೋನೊಗಳು ರಾಶಿರಾಶಿಯಾಗಿ ಮಾರಾಟವಾಗುತ್ತವೆ. ಟೋಕಿಯೊದ ಹರಾಜುಕು ಬಡಾವಣೆಯ ತರುಣ ತರುಣಿಯರು ಅವನ್ನು ಬೂಟು, ಟೋಪಿ, ಹಳೆಯ ಪಾಶ್ಚಾತ್ಯ ಉಡುಪುಗಳೊಡನೆ ಬೆರೆಸಿ ತೊಟ್ಟು ಬೀದಿಯಲ್ಲಿ ನಡೆದರು. ಶೋಯಿಚಿ ಅಓಕಿ ಎಂಬ ಛಾಯಾಗ್ರಾಹಕ 1997ರಲ್ಲಿ ಆರಂಭಿಸಿದ 'ಫ್ರೂಟ್ಸ್' ಪತ್ರಿಕೆಯು ಅಂಥ ಬೀದಿಯ ಉಡುಪನ್ನು ಲೋಕಕ್ಕೆ ಪರಿಚಯಿಸಿತು. 2017ರಲ್ಲಿ ಅದು ನಿಂತಿತು.

ಕೊಳ್ಳೇಗಾಲದ ಭಾಗದಲ್ಲಿ ಹಳೆಯ ಸೀರೆಯನ್ನು ಕತ್ತರಿಸಿ ಮೊಮ್ಮಗಳಿಗೆ ಲಂಗ-ರವಿಕೆ ಹೊಲಿಸುವುದು ಮನೆಮನೆಯ ಪದ್ಧತಿಯೇ ಆಗಿದೆ. ಇತ್ತೀಚೆಗೆ ದರ್ಜಿಗಳು ಹಳೆಯ ಅಂಚನ್ನು ಬಿಡಿಸಿ ಹೊಸ ಬಟ್ಟೆಗೆ ಕೂಡಿಸಿಕೊಡುತ್ತಾರೆ, ಸೆರಗಿನಿಂದ ದುಪಟ್ಟಾ, ಕೈಚೀಲ ಮಾಡಿಕೊಡುತ್ತಾರೆ. ಒಡಲು ಹರಿದರೂ ಅಂಚು ಗಟ್ಟಿಯಾಗಿ ಉಳಿಯುವುದರಿಂದ ಇದು ಸಾಧ್ಯವಾಗುತ್ತದೆ. ಹೀಗೆ ಉಳಿಸಿಕೊಳ್ಳಬಯಸುವವರು ಸೀರೆಯನ್ನು ಹತ್ತಿಬಟ್ಟೆಯಲ್ಲಿ ಸುತ್ತಿಡಬೇಕು, ನುಸಿಗುಳಿಗೆ ಜರಿಗೆ ತಾಗದಂತೆ ನೋಡಿಕೊಳ್ಳಬೇಕು, ವರ್ಷಕ್ಕೆ ಎರಡು ಮೂರು ಸಲ ಮಡಿಕೆ ಬದಲಿಸಿ ನೆರಳಿನಲ್ಲಿ ಗಾಳಿಗೆ ಹಾಕಬೇಕು.